ಸ್ಕ್ರೀನು ಸಬಕ್ ಕೇಳಿಸ್ಕೊಳ್ಳಲ್ಲ

'ಮದರಸ' ಅಂದ ಕೂಡಲೇ ತಲೆಯೊಳಗೆ ನ್ಯೂಸ್ ಚಾನೆಲ್ಲಿನ ಹಿನ್ನೆಲೆ ಸಂಗೀತ ಶುರುವಾಗೋರು ದಯವಿಟ್ಟು ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ನಾನು ಹೇಳ್ತಿರೋದು ನಮ್ಮೂರ ಮಕ್ಕಳು ಬೆಳಿಗ್ಗೆ ಸ್ಕೂಲಿಗೆ ಮುಂಚೆ ಒಂದಿಷ್ಟು ಹೊತ್ತು, ಸಂಜೆ ಸ್ಕೂಲು ಬಿಟ್ಟ ಮೇಲೆ ಒಂದಿಷ್ಟು ಹೊತ್ತು ಹೋಗಿ ಬರೋ ಜಾಗದ ಬಗ್ಗೆ. ತಿಳಿದವರು ಇದನ್ನ ಮಕ್ತಬ್ ಅಂತಾರೆ, ನಾವು ಮದರಸ ಅಂತೀವಿ. ಮುಖ ತೊಳೆದು, ಟೋಪಿ ಹಾಕ್ಕೊಂಡು, ಕಾಯದಾ ಅನ್ನೋ ಅಕ್ಷರಮಾಲೆ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಹೋಗೋದು. ವಾಪಸ್ ಬಂದು ತಿಂಡಿ ತಿಂದು ಯೂನಿಫಾರ್ಮ್ ಹಾಕೋದು. ಏಳೂವರೆಗೆ ಅಲಿಫ್, ಬೇ. ಹತ್ತು ಗಂಟೆಗೆ ಅ, ಆ. ನಮ್ಮ ಕಡೆ ಸಾಬರ ಮನೆ ಮಕ್ಕಳೆಲ್ಲ ಬೆಳೆಯೋದು ಹೀಗೇನೇ.

ಊರು ಕೊತ್ತಗೆರೆ. ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರಿನಿಂದ ಮಂಗಳೂರು ಕಡೆಗೆ ಡ್ರೈವ್ ಹೊರಟವರಿಗೆ ಕುಣಿಗಲ್ ಗೊತ್ತಿರತ್ತೆ, ಕೊತ್ತಗೆರೆ ಗೊತ್ತಿರಲ್ಲ. ತೆಂಗು, ಅಡಿಕೆ, ರಾಗಿ, ಹಸು. ಓದಿದ ಹುಡುಗರು ಬೆಂಗಳೂರಲ್ಲಿ. ನಾನೂ ಅಷ್ಟೇ. ಹೊಟ್ಟೆಪಾಡಿಗೆ ನಾನು ಮಾಡೋದು ವಿಡಿಯೋ ಪಾಠ. ಎಂಟನೇ ಕ್ಲಾಸಿನ ಮಕ್ಕಳಿಗೆ ಘರ್ಷಣೆ ಅಂದ್ರೇನು, ದ್ಯುತಿಸಂಶ್ಲೇಷಣೆ ಅಂದ್ರೇನು ಅಂತ ಆರೇಳು ನಿಮಿಷದಲ್ಲಿ ಬಣ್ಣ ಬಣ್ಣವಾಗಿ ಹೇಳಿಸೋ ಕೆಲಸ. ಎಷ್ಟು ಮಕ್ಕಳು ಕೊನೇತನಕ ನೋಡಿದ್ರು, ಎಷ್ಟನೇ ಸೆಕೆಂಡಿಗೆ ಬಿಟ್ಟು ಹೋದ್ರು ಅನ್ನೋದೆಲ್ಲ ಸೋಮವಾರದ ಮೀಟಿಂಗಿನಲ್ಲಿ ಗ್ರಾಫ್ ಆಗಿ ಎದುರಿಗೆ ಬರತ್ತೆ.

ಹಾಗಾಗಿ ನಮ್ಮ ಮಸೀದಿ ಕಮಿಟಿಯವರಿಗೆ ಮಕ್ಕಳ ಮದರಸಕ್ಕೆ ಪ್ರೊಜೆಕ್ಟರ್ ಹಾಕಿಸೋ ಯೋಚನೆ ಬಂದಾಗ ಫೋನ್ ಬಂದಿದ್ದು ನನಗೆ. "ನೀನು ಅದೇ ಲೈನಲ್ಲಿದೀಯಲ್ಲಪ್ಪ, ಯಾವ್ದು ತಗೊಳ್ಳೋದು, ಏನು ತೋರ್ಸೋದು, ಎಲ್ಲ ನೀನೇ ಹೇಳು" ಅಂದ್ರು. ಒಬ್ಬರು ದಾನಿಗಳು ದುಡ್ಡೂ ಕೊಡೋಕೆ ತಯಾರಿದ್ರು.

ಭಾನುವಾರ ಮೀಟಿಂಗ್ ಆಯ್ತು. ನಮ್ಮ ಆಫೀಸಿನ ಮೀಟಿಂಗಿಗಿಂತ ಎಷ್ಟೋ ಚೆನ್ನಾಗಿತ್ತು, ಯಾಕಂದ್ರೆ ಎಲ್ಲರೂ ಮನಸ್ಸಲ್ಲಿದ್ದಿದ್ದನ್ನೇ ಹೇಳಿದ್ರು. ಒಬ್ಬ ಹಿರಿಯರದು ಒಂದೇ ಮಾತು: ಜೀವ ಇರೋದರ ಚಿತ್ರ ಮಸೀದಿ ಪಕ್ಕದಲ್ಲಿ ಬೇಡ. ಇನ್ನೊಬ್ಬರಿಗೆ ಚಿತ್ರದ ತಕರಾರಿಲ್ಲ, ಮ್ಯೂಸಿಕ್ಕಿನದು. "ಬರೀ ದಫ್ ಇದ್ರೆ ಪರವಾಗಿಲ್ಲ, ಗಿಟಾರ್ ಬಂದ್ರೆ ನಾನು ಎದ್ದು ಹೋಗ್ತೀನಿ" ಅಂದ್ರು. ಗ್ಯಾರೇಜ್ ಇಟ್ಟಿರೋ ಹುಡುಗನೊಬ್ಬ, "ಚಾಚಾ, ಇವೆರಡೂ ನಿಮ್ಮ ಮನೇಲಿ ನಿಮ್ಮ ಮೊಮ್ಮಗನ ಕೈಯಲ್ಲೇ ಇದೆ, ದಿನಾ ಮೂರು ಗಂಟೆ" ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಜರತ್, ಅಂದ್ರೆ ಮಕ್ಕಳಿಗೆ ಪಾಠ ಹೇಳೋ ನಮ್ಮ ಇಮಾಮ್ ಸಾಹೇಬ್ರು, ಚಹಾ ಕುಡೀತಾ ಸುಮ್ಮನೆ ಕೂತಿದ್ರು.

ಈ ಜಗಳ ಕೇಳೋದಕ್ಕೆ ತಮಾಷೆ ಅನ್ನಿಸಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ನಿಂತು ನೋಡಿದ್ರೆ ಇದರ ಹಿಂದೆ ಒಂದು ಸ್ವಾರಸ್ಯ ಇದೆ. ಇಲ್ಲೇ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರ್ತಿದ್ವು. ಊರೂರಲ್ಲಿ ಇವತ್ತಿಗೂ ಪೌರಾಣಿಕ ನಾಟಕದ ಸೀನ್ಸು, ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಕಿರೀಟ. ಆಮೇಲೆ 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ, ಅದರ ಬೆನ್ನಿಗೇ ಮಹಾಭಾರತ. ನನ್ನ ವಾರಿಗೆಯ ಗೆಳೆಯರ ಮನೆಗಳಲ್ಲಿ ಮಕ್ಕಳು ಧರ್ಮದ ಕಥೆಗಳನ್ನ ಮೊದಲು *ನೋಡಿ* ಕಲಿತರು, ಓದಿದ್ದು ಆಮೇಲೆ. ನಮ್ಮ ಮನೆಯಲ್ಲಿ ಅದು *ಕೇಳಿ* ಕಲಿಯೋ ವಿಷಯ. ಪ್ರವಾದಿಗಳ ಮುಖ ಬರೆಯೋ ಹಾಗಿಲ್ಲ, ವೇಷ ಹಾಕೋ ಹಾಗಿಲ್ಲ. ಅಪ್ಪನ ಕಾಲಕ್ಕೆ ಉರುಸಿನ ಅಂಗಡಿಯಿಂದ ತಂದ 'ವಾಕಿಯಾ' ಕ್ಯಾಸೆಟ್ಟುಗಳಿದ್ವು. ಹಾಡಿನಲ್ಲೇ ಕಥೆ ಹೇಳೋ ಕ್ಯಾಸೆಟ್. ತಸ್ಲೀಮ್ ಆರಿಫ್ ದನಿ ಕೇಳ್ತಾ ಕೇಳ್ತಾ ನಮ್ಮಜ್ಜಿ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರು ಯಾವುದಕ್ಕೆ ಬರ್ತಿದೆ ಅಂತ ನಮಗೆ ಗೊತ್ತಾಗ್ತಿರಲಿಲ್ಲ.

ಚಿತ್ರ ತೋರಿಸದೇ ಸಿನಿಮಾ ಮಾಡಬಹುದಾ? ಒಬ್ಬರು ಮಾಡಿದ್ರು. 1976ರಲ್ಲಿ ಮುಸ್ತಫಾ ಅಕ್ಕಾಡ್ 'ದಿ ಮೆಸೇಜ್' ಅಂತ ಪ್ರವಾದಿಯವರ ಕಾಲದ ಕಥೆ ತೆಗೆದರು. ಇಡೀ ಸಿನಿಮಾದಲ್ಲಿ ಪ್ರವಾದಿ ಕಾಣಿಸಲ್ಲ, ಅವರ ದನಿಯೂ ಕೇಳಿಸಲ್ಲ. ಉಳಿದ ಪಾತ್ರಗಳು ಕ್ಯಾಮೆರಾ ನೋಡ್ಕೊಂಡು ಮಾತಾಡ್ತವೆ. ಅವರ ಚಿಕ್ಕಪ್ಪ ಹಂಜಾ ಆಗಿ ಆಂಥನಿ ಕ್ವಿನ್. ಅದೇ ಕಥೆಯನ್ನ ಅರಬ್ ನಟರನ್ನ ಹಾಕಿ ಅರಬಿಯಲ್ಲಿ ಬೇರೆಯಾಗಿಯೇ ಶೂಟ್ ಮಾಡಿದ್ರು. ಇದರ ಉರ್ದು ಡಬ್ಬಿಂಗಿನ ಸೀಡಿ ನಮ್ಮೂರಿಗೆ ಬಂದಾಗ ನಾನು ಆರನೇ ಕ್ಲಾಸು. ಎಲ್ಲರೂ ತೆರೆಯ ಆಚೆಯಿಂದ ನನ್ನನ್ನೇ ನೋಡಿ ಮಾತಾಡ್ತಿದ್ದ ಆ ಅನುಭವ ಇವತ್ತಿಗೂ ನೆನಪಿದೆ. ಮೀಟಿಂಗಿನಲ್ಲಿ ಇದನ್ನ ಹೇಳಿದೆ. ಹಿರಿಯರು, "ಹೌದು, ಅದು ನಾನೂ ನೋಡಿದೀನಿ, ಒಳ್ಳೇ ಪಿಚ್ಚರ್ರು" ಅಂದುಬಿಟ್ರು. ಜೀವ ಇರೋ ಚಿತ್ರದ ತಕರಾರು ಅಲ್ಲಿಗೆ ಅರ್ಧ ಕರಗಿತು.

ಇಂಥ ತಕರಾರು ನಮ್ಮ ಕಮಿಟಿ ಕಂಡುಹಿಡಿದದ್ದೇನಲ್ಲ. ಫೋನೋಗ್ರಾಫ್ ಹೊಸದಾಗಿ ಬಂದಾಗ ಅದರಲ್ಲಿ ಕುರ್‌ಆನ್ ಕೇಳಬಹುದಾ, ಕೇಳಿದ್ರೆ ಪುಣ್ಯ ಬರತ್ತಾ ಅನ್ನೋ ಪ್ರಶ್ನೆಗೆ ಬಟಾವಿಯಾದ, ಅಂದ್ರೆ ಇವತ್ತಿನ ಜಕಾರ್ತದ, ಸಯ್ಯದ್ ಉಸ್ಮಾನ್ 1899ರಲ್ಲೇ ಫತ್ವಾ ಕೊಟ್ಟಿದ್ರು. ಗ್ರಾಮಫೋನು, ಲೌಡ್ ಸ್ಪೀಕರು, ರೇಡಿಯೋ, ಟೀವಿ, ಪ್ರತಿಯೊಂದಕ್ಕೂ ಒಂದು ಸುತ್ತು ಚರ್ಚೆ ಆಗಿದೆ. ಆಮೇಲೆ 1961ರಲ್ಲಿ ಈಜಿಪ್ಟಿನಲ್ಲಿ ಮಹಮೂದ್ ಖಲೀಲ್ ಅಲ್-ಹುಸರಿ ಇಡೀ ಕುರ್‌ಆನನ್ನ ರೆಕಾರ್ಡಿಗೆ ಓದಿ ಮುಗಿಸಿದ್ರು. ಹಾಗೆ ಪೂರ್ತಿಯಾಗಿ ರೆಕಾರ್ಡ್ ಆಗಿದ್ದು ಅದೇ ಮೊದಲು. 1964ರಲ್ಲಿ ಕೈರೋದಲ್ಲಿ ಕುರ್‌ಆನಿಗೇ ಮೀಸಲಾದ ರೇಡಿಯೋ ಸ್ಟೇಷನ್ ಶುರುವಾಯ್ತು. ಈಜಿಪ್ಟಿನವರೇ ಆದ ಅಲ್-ಮಿನ್ಶಾವಿ ಅವರದು ಒಂದು ರೆಕಾರ್ಡಿಂಗ್ ಇದೆ. ಅವರು ಒಂದು ಸಾಲು ಓದ್ತಾರೆ, ಹಿಂದೆ ಮಕ್ಕಳು ಅದನ್ನ ತಿರುಗಿ ಹೇಳ್ತಾರೆ. ನಮ್ಮ ಇ-ಲರ್ನಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಇದಕ್ಕಿಂತ ಚೆನ್ನಾದ ಪಾಠದ ವಿನ್ಯಾಸ ನಾನು ನೋಡಿಲ್ಲ. ಚಿತ್ರ ಇಲ್ಲ, ಮ್ಯೂಸಿಕ್ ಇಲ್ಲ, ಮಗುವಿನ ಸರದಿ ಬಂದಾಗ ಮಗುವೇ ಬಾಯಿ ಬಿಡಬೇಕು.

ದನಿಗೆ ಯಾಕಿಷ್ಟು ಮಹತ್ವ? ಒಂದು ಉದಾಹರಣೆ ಕೊಡ್ತೀನಿ. ಅರಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಮಾಮೂಲಿ ಕ. ಇನ್ನೊಂದು ಗಂಟಲಿನ ಆಳದಿಂದ, ಕಿರುನಾಲಿಗೆ ಹತ್ತಿರದಿಂದ ಬರೋದು. ಗಂಟಲಿನ ಕ ಹಾಕಿ 'ಕುಲ್' ಅಂದ್ರೆ 'ಹೇಳು'. ಮಾಮೂಲಿ ಕ ಹಾಕಿ 'ಕುಲ್' ಅಂದ್ರೆ 'ತಿನ್ನು'. ಗಂಟಲಿನ ಕ ಇದ್ರೆ 'ಕಲ್ಬ್' ಹೃದಯ, ಮಾಮೂಲಿ ಕ ಇದ್ರೆ ನಾಯಿ! ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣತ್ತೆ, ನೀವೇ ಈಗ ನೋಡಿದ್ರಲ್ಲ. ಇನ್ನು ನಾವು ಮನೆಯಲ್ಲಿ ಆಡೋ ದಖನಿಯಲ್ಲಿ ಆ ಗಂಟಲಿನ ಕ ಹೋಗಿ ಇನ್ನೇನೋ ಆಗಿಬಿಡತ್ತೆ, ಕಲಮನ್ನ ಖಲಮ್ ಅಂತೀವಿ. ಪುಸ್ತಕ ನೋಡಿ ಇದನ್ನ ಕಲಿಯೋದು, ಪುಸ್ತಕ ನೋಡಿ ಈಜು ಕಲಿತ ಹಾಗೆ. ಇಲ್ಲಿ ಹುಸರಿ, ಮಿನ್ಶಾವಿ ಕೆಲಸಕ್ಕೆ ಬರ್ತಾರೆ. ಕೊತ್ತಗೆರೆಯ ಮಗುವಿನ ಕಿವಿಗೆ ಕೈರೋದ ಗಂಟಲು ನೇರವಾಗಿ ತಲುಪತ್ತೆ.

ಇಷ್ಟೆಲ್ಲ ನಾನು ಹುರುಪಿನಿಂದ ಹೇಳಿ ಮುಗಿಸಿದ ಮೇಲೆ ಹಜರತ್ ಲೋಟ ಕೆಳಗಿಟ್ರು. ಅವರು ಬಿಹಾರದವರು, ಕನ್ನಡ ಇನ್ನೂ ಕಲೀತಿದಾರೆ. "ಎಲ್ಲ ಸರಿ. ನನಗೆ ಸ್ಕ್ರೀನೂ ಬೇಡ ಅಂತಿಲ್ಲ. ಆದರೆ ಅದು ಸಬಕ್ ಕೇಳಿಸ್ಕೊಳ್ಳತ್ತಾ?" ಅಂದ್ರು.

ಸಬಕ್ ಅಂದ್ರೆ ಪಾಠ. ಮದರಸದಲ್ಲಿ ಪಾಠ ಮುಗಿಯೋದು ಹಜರತ್ ಹೇಳಿದಾಗಲ್ಲ. ಮಗು ಬಂದು ಎದುರಿಗೆ ಕೂತು ಓದಿ ತೋರಿಸಿದಾಗ. ಕನ್ನಡದಲ್ಲಿ ಇದಕ್ಕೆ ಎಷ್ಟು ಒಳ್ಳೇ ಪದ ಇದೆ ನೋಡಿ, 'ಒಪ್ಪಿಸೋದು'. ಮಗ್ಗಿ ಒಪ್ಪಿಸೋದು, ಪದ್ಯ ಒಪ್ಪಿಸೋದು. ಒಪ್ಪಿಸಬೇಕು ಅಂದ್ರೆ ಎದುರಿಗೆ ಒಪ್ಪೋರು ಒಬ್ಬರು ಇರಬೇಕು. ಕುರ್‌ಆನ್ ಕಲಿಕೆಯ ಇಡೀ ಕಟ್ಟಡ ನಿಂತಿರೋದೇ ಇದರ ಮೇಲೆ. ದೊಡ್ಡ ಮಟ್ಟದಲ್ಲಿ ಕಲಿತವರಿಗೆ 'ಇಜಾಜತ್' ಅಂತ ಕೊಡ್ತಾರೆ. ಇವನು ನನ್ನ ಎದುರು ಓದಿದ, ನಾನು ನನ್ನ ಗುರುವಿನ ಎದುರು ಓದಿದ್ದೆ, ಅವರು ಅವರ ಗುರುವಿನ ಎದುರು, ಹೀಗೆ ಹಿಂದಕ್ಕೆ ಪ್ರವಾದಿಯವರ ತನಕ ಹೋಗೋ ಸರಪಳಿ ಅದು. ಅದರ ಪ್ರತಿ ಕೊಂಡಿಯಲ್ಲೂ ಓದಿದವರೊಬ್ಬರು, ಕೇಳಿಸಿಕೊಂಡವರೊಬ್ಬರು ಇದ್ದಾರೆ. ರೆಕಾರ್ಡಿಂಗ್ ಎಷ್ಟೇ ಶುದ್ಧವಾಗಿದ್ರೂ ಆ ಎರಡನೇ ಕೆಲಸ ಮಾಡಲ್ಲ.

ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಬೆಳಗಿನ ಕ್ಲಾಸು ಎಪ್ಪತ್ತೈದು ನಿಮಿಷ. ಮಕ್ಕಳು ಮೂವತ್ತೆಂಟು. ಎಲ್ಲ ಸಮಯವನ್ನೂ ಸಬಕ್ ಕೇಳೋದಕ್ಕೇ ಕೊಟ್ರೂ ತಲೆಗೆ ಎರಡು ನಿಮಿಷ ಬರಲ್ಲ. ಅದರಲ್ಲಿ ಹಾಜರಿ, ಜಗಳ ಬಿಡಿಸೋದು, ಹೊಸ ಪಾಠ, "ಹಜರತ್, ಇವನು ನನ್ನ ಟೋಪಿ ಕಿತ್ಕೊಂಡ" ಎಲ್ಲ ಸೇರಬೇಕು. ನಿಜವಾಗಿ ಒಂದು ಮಗುವಿನ ದನಿ ಹಜರತ್ ಕಿವಿಗೆ ಬೀಳೋದು ದಿನಕ್ಕೆ ಒಂದು ನಿಮಿಷ. ಆ ಪ್ರೊಜೆಕ್ಟರ್ ಬಂದು ಅರ್ಧ ಗಂಟೆ ಕಾರ್ಟೂನ್ ಹಾಕಿದ್ರೆ? ಆ ಒಂದು ನಿಮಿಷವೂ ಹೋಯ್ತು.

ಹಾಗಾದ್ರೆ ತಂತ್ರಜ್ಞಾನ ಬೇಡವೇ ಬೇಡವಾ? ಹಾಗೇನಿಲ್ಲ. ಪ್ರಶ್ನೆಯನ್ನೇ ತಿರುಗಿಸಿ ಕೇಳಿದ್ವಿ: ಹಜರತ್‌ಗೆ ಮಕ್ಕಳನ್ನ ಕೇಳಿಸಿಕೊಳ್ಳೋಕೆ ಜಾಸ್ತಿ ಸಮಯ ಸಿಗೋ ಹಾಗೆ ಮಾಡಬಲ್ಲ ಯಂತ್ರ ಯಾವುದು? ಉತ್ತರ ಪ್ರೊಜೆಕ್ಟರಿಗಿಂತ ಬಹಳ ಅಗ್ಗದ್ದಾಗಿತ್ತು. ಒಂದು ಒಳ್ಳೇ ಸ್ಪೀಕರ್. ಒಂದು ಮೂಲೆಯಲ್ಲಿ ಮಿನ್ಶಾವಿ ಓದ್ತಾರೆ, ದೊಡ್ಡ ಮಕ್ಕಳಲ್ಲೊಬ್ಬರು ಮೇಲ್ವಿಚಾರಣೆ, ಇಪ್ಪತ್ತು ಮಕ್ಕಳು ಒಟ್ಟಿಗೆ ತಿರುಗಿ ಹೇಳ್ತಾರೆ. ಅಷ್ಟರಲ್ಲಿ ಹಜರತ್ ಇನ್ನೊಂದು ಮೂಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಬಕ್ ಕೇಳ್ತಾರೆ. ತಲೆಗೆ ಒಂದು ನಿಮಿಷ ಇದ್ದದ್ದು ಈಗ ಜಾಸ್ತಿ ಆಗಿದೆ. ನಮ್ಮ ಕಂಪನಿಯಲ್ಲಿ ಯಾವ ಡ್ಯಾಶ್‌ಬೋರ್ಡಲ್ಲೂ ಇಂಥ ಅಂಕಿ ಇಲ್ಲ. ಮಗು ಎಷ್ಟು ಹೊತ್ತು ನೋಡಿತು ಅಂತ ನಾವು ಅಳೀತೀವಿ. ಮಗುವನ್ನ ಯಾರಾದ್ರೂ ಎಷ್ಟು ಹೊತ್ತು ಕೇಳಿಸಿಕೊಂಡ್ರು ಅಂತ ಯಾವತ್ತೂ ಅಳೆದಿಲ್ಲ.

ನೋಡೋದಕ್ಕೂ ಜಾಗ ಇದೆ. ಕಣ್ಣಿಗೆ ಕಾಣಬೇಕಾದ್ದನ್ನ ಕಣ್ಣಿಗೇ ತೋರಿಸಬೇಕು. ಮಕ್ಕಾದ ಮಸೀದಿಯ ನೇರ ಪ್ರಸಾರ ದಿನದ ಇಪ್ಪತ್ನಾಲ್ಕು ಗಂಟೆಯೂ ಬರತ್ತೆ. ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿ ಅದನ್ನ ಹಾಕಿದ್ದೇ ತಡ ಮಕ್ಕಳು ಕಾಬಾ ಸುತ್ತ ತಿರುಗ್ತಿದ್ದವರಲ್ಲಿ ತಮ್ಮ ತಾತನನ್ನ ಹುಡುಕೋಕೆ ಶುರು ಮಾಡಿದ್ರು. ಭೂಪಟ ಹಾಕಿ ಕೊತ್ತಗೆರೆಯಿಂದ ಮಕ್ಕಾಕ್ಕೆ ಗೆರೆ ಎಳೆದ್ವಿ. ನಾವು ನಮಾಜಿಗೆ 'ಪಶ್ಚಿಮಕ್ಕೆ' ತಿರುಗ್ತೀವಿ ಅಂತ ಹೇಳ್ಕೋತೀವಲ್ಲ, ಲೆಕ್ಕ ಹಾಕಿದ್ರೆ ಅದು ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ.

"ಸಾರ್, ಅದು ಸರಿ ಅಂತ ಹೆಂಗೆ ಗೊತ್ತು?" ಅಂದ ಒಬ್ಬ ಏಳನೇ ಕ್ಲಾಸಿನ ಪೋರ. ಇಂಥ ಪ್ರಶ್ನೆಗೆ ನಾನು ಸಂಬಳ ಬಿಟ್ಟು ಕೂಡ ಕೆಲಸ ಮಾಡ್ತೀನಿ.

ಮಕ್ಕಾ ಇರೋದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಸ್ವಲ್ಪ ಕೆಳಗೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ 28 ಮತ್ತು ಜುಲೈ 16ರ ಆಸುಪಾಸಿನಲ್ಲಿ, ಅಲ್ಲಿನ ಮಧ್ಯಾಹ್ನಕ್ಕೆ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲೆ ಬರ್ತಾನೆ. ನಮಗೆ ಆಗ ಮೇನಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷ. ಆ ಹೊತ್ತಿನಲ್ಲಿ ಸೂರ್ಯ ಕಾಣೋ ಯಾವ ಮೂಲೆಯಿಂದ ಅವನ ಕಡೆ ಮುಖ ಮಾಡಿದ್ರೂ ಅದು ಕಾಬಾದ ದಿಕ್ಕೇ. ಜುಲೈನಲ್ಲಿ ಮೋಡ ಇರತ್ತೆ. ಮೇ ತಿಂಗಳು ರಜೆ, ಬಿಸಿಲು. ಹೋದ ವರ್ಷ ಮೇ 28ಕ್ಕೆ ಬಯಲಲ್ಲಿ ಒಂದು ಗಳ ನೆಟ್ಟು, ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ಮೊಬೈಲ್ ಗಡಿಯಾರ ನೋಡ್ತಾ ಕಾದ್ವಿ. ಹೊತ್ತು ಸರಿಯಾದಾಗ ನೆರಳಿನ ತುದಿಯಿಂದ ಗಳದ ಬುಡಕ್ಕೆ ಸುಣ್ಣದಲ್ಲಿ ಗೆರೆ ಎಳೆದ್ವಿ. ಭೂಪಟದ ಗೆರೆಗೂ ಸುಣ್ಣದ ಗೆರೆಗೂ ತಾಳೆಯಾಯ್ತು. ಹಜರತ್ ಆ ಗೆರೆಯನ್ನ ಬಹಳ ಹೊತ್ತು ನೋಡ್ತಾ ನಿಂತಿದ್ರು. ಇದಕ್ಕೆ ಖರ್ಚಾಗಿದ್ದು ಒಂದು ಹಿಡಿ ಸುಣ್ಣ.

ಅವತ್ತೇ ಇನ್ನೊಂದು ಪ್ರಶ್ನೆ ಬಂತು. ಒಂದು ಸಣ್ಣ ಹುಡುಗಿ ಕನ್ನಡದಲ್ಲಿ ಕೇಳಿದಳು, "ಅಲ್ಲಾಹು ಎಲ್ಲಾ ಕಡೆ ನಮ್ಮನ್ನ ನೋಡ್ತಾನೆ ಅಂದ್ಮೇಲೆ ನಾವ್ಯಾಕೆ ಒಂದೇ ಕಡೆ ತಿರುಗ್ಬೇಕು?" ಹಜರತ್‌ಗೆ ಪ್ರಶ್ನೆ ಪೂರ್ತಿ ಅರ್ಥ ಆಗಲಿಲ್ಲ, ನಾನು ಉರ್ದುವಿಗೆ ತಂದೆ. "ಎಲ್ಲರೂ ಒಂದೇ ಕಡೆ ತಿರುಗಿದ್ರೆ ತಾನೇ ಸಾಲು ಆಗೋದು? ಅವನಿಗೆ ದಿಕ್ಕು ಬೇಕಾಗಿಲ್ಲ, ನಮಗೆ ಬೇಕು" ಅಂದ್ರು. ನಾನು ಅದನ್ನ ಕನ್ನಡಕ್ಕೆ ತಂದೆ. ಹುಡುಗಿ ತಲೆ ಆಡಿಸಿದಳು. ಆದರೆ ನಾನು ಬೆಂಗಳೂರಲ್ಲಿರೋ ಉಳಿದ ದಿನಗಳಲ್ಲಿ ಇಂಥ ಎಷ್ಟು ಪ್ರಶ್ನೆಗಳು ಬಾಯಿವರೆಗೆ ಬಂದು ಹಾಗೇ ವಾಪಸ್ ಹೋಗ್ತಿರಬಹುದು?

ಆಡಿಯೋ-ವಿಡಿಯೋ ಅಂತ ನಾವು ಮಾತಾಡೋವಾಗ ಈ ಭಾಷೆಯ ವಿಷಯ ಯಾರ ಲೆಕ್ಕಕ್ಕೂ ಬರಲ್ಲ. ಮಕ್ಕಳಿಗೆ ಯೂಟ್ಯೂಬಲ್ಲಿ ಸಿಗೋ ಇಸ್ಲಾಮಿ ಕಾರ್ಟೂನುಗಳನ್ನ ನೋಡಿ. 'ಗುಲಾಮ್ ರಸೂಲ್' ಪಾಕಿಸ್ತಾನದಿಂದ ಬರತ್ತೆ, ಶುದ್ಧ ಉರ್ದು. 'ಒಮರ್ ಅಂಡ್ ಹಾನಾ' ಮಲೇಷ್ಯಾದ್ದು. ಕೇರಳದಲ್ಲಿ 1951ರಿಂದ ಮದರಸಗಳನ್ನ ನಡೆಸ್ತಿರೋ ಸಮಸ್ತ ಮಂಡಳಿ 2020ರ ಲಾಕ್‌ಡೌನಿನಲ್ಲಿ ಕ್ಲಾಸುಗಳನ್ನೇ ಯೂಟ್ಯೂಬಿಗೆ ತಂದಿತು, ಕ್ಲಾಸುವಾರು, ಮಲಯಾಳದಲ್ಲಿ. ದಕ್ಷಿಣ ಕನ್ನಡದ ಬ್ಯಾರಿ ಮಕ್ಕಳಿಗೆ ಅದು ಒಗ್ಗತ್ತೆ, ನಮಗೆ ದೂರ. ಅದೇ ವರ್ಷ ಚಂದನದಲ್ಲಿ ಸರ್ಕಾರದ 'ಸೇತುಬಂಧ' ಪಾಠ ಬರ್ತಿತ್ತು. ನಮ್ಮಕ್ಕನ ಮನೆಯಲ್ಲಿ ಅದೇ ಟೀವಿ ಮುಂದೆ ಮಕ್ಕಳು ಗಣಿತ, ವಿಜ್ಞಾನ ಎಲ್ಲ ಕನ್ನಡದಲ್ಲಿ ಕೇಳ್ತಿದ್ರು. ಆಮೇಲೆ ದೀನಿನ ವಿಷಯಕ್ಕೆ ಮೊಬೈಲಲ್ಲಿ ಕರಾಚಿ ಉರ್ದು. ಸ್ವಲ್ಪ ದಿನಕ್ಕೆ ಅಕ್ಕನ ಚಿಕ್ಕ ಮಗ ಅಜ್ಜಿಯನ್ನ ಕಾರ್ಟೂನ್ ಥರ 'ದಾದೀಜಾನ್' ಅಂತ ಕರೆಯೋಕೆ ಶುರು ಮಾಡಿದ. ಹುಟ್ಟಿದಾಗಿನಿಂದ 'ನಕ್ಕೊ', 'ಕೈಕು' ಅಂತ ದಖನಿ ಆಡ್ಕೊಂಡು ಬಂದಿರೋ ಅಜ್ಜಿ ಬಿದ್ದು ಬಿದ್ದು ನಕ್ಕಳು.

ನಾನೂ ನಕ್ಕೆ. ಆದರೆ ಇದು ಬರೀ ನಗೋ ವಿಷಯ ಅಲ್ಲ. ಮಗುವಿಗೆ ಹೀಗೆ ಸದ್ದಿಲ್ಲದೆ ಒಂದು ಪಾಠ ಆಗ್ತಿದೆ: ವಿಜ್ಞಾನ ಕನ್ನಡದಲ್ಲಿರತ್ತೆ, ದೇವರು ದೂರದ ಉರ್ದುವಿನಲ್ಲಿರ್ತಾನೆ, ನಾನು ಮಾತಾಡೋ ಭಾಷೆ ಅಡುಗೆಮನೆಯದು. ಅಂಥ ಮಗು ಪ್ರಶ್ನೆ ಕೇಳೋದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ಮಂಗಳೂರಿನ ಶಾಂತಿ ಪ್ರಕಾಶನದ ಪುಸ್ತಕಗಳಿವೆ, 1978ರಿಂದ 'ಸನ್ಮಾರ್ಗ' ವಾರಪತ್ರಿಕೆ ಬರ್ತಿದೆ, ಅಬ್ದುಸ್ಸಲಾಮ್ ಪುತ್ತಿಗೆ ಅವರ ಕುರ್‌ಆನ್ ಅನುವಾದ ಇದೆ, ಬೊಳುವಾರು ಮಹಮದ್ ಕುಂಞಿ ಪ್ರವಾದಿಯವರ ಬದುಕನ್ನ 'ಓದಿರಿ' ಅಂತ ಕಾದಂಬರಿಯಾಗಿಯೇ ಬರೆದಿದಾರೆ. ಆದರೆ ಇವೆಲ್ಲ ಓದೋ ದೊಡ್ಡವರಿಗೆ, ಬಹುಪಾಲು ಕರಾವಳಿಯಿಂದ ಬಂದದ್ದು. ತುಮಕೂರು ಸೀಮೆಯ ಏಳು ವರ್ಷದ ಮಗು ಕೇಳಿ 'ಇದು ನಮ್ಮನೆ ಮಾತು' ಅನ್ನೋ ಥರದ ದನಿ ನನಗೆ ಹುಡುಕಿದ್ರೂ ಸಿಕ್ಕಿಲ್ಲ. ಅದಕ್ಕೇ ಈಗ ತಿಂಗಳಿಗೆ ಎರಡು ಕಥೆ ನಾವೇ ರೆಕಾರ್ಡ್ ಮಾಡ್ತಿದೀವಿ. ನೂಹ್ ಪ್ರವಾದಿಯ ಹಡಗು, ಮೀನಿನ ಹೊಟ್ಟೆಯೊಳಗಿನ ಯೂನುಸ್. ಹಜರತ್ ಉರ್ದುವಿನಲ್ಲಿ ಹೇಳ್ತಾರೆ, ನಾನು ನಮ್ಮೂರ ಕನ್ನಡದಲ್ಲಿ ಹೇಳ್ತೀನಿ. ಬರೀ ದನಿ, ಐದು ನಿಮಿಷ. ಅದರ ಕೊನೇಲಿ ಒಂದು ಪ್ರಶ್ನೆ ಇರತ್ತೆ. ಉತ್ತರವನ್ನ ಮಗು ಮಾರನೇ ದಿನ ಹಜರತ್‌ಗೆ ಕನ್ನಡದಲ್ಲೇ ಒಪ್ಪಿಸಬೇಕು. ಹಜರತ್ ಕನ್ನಡ ಸುಧಾರಿಸ್ತಿರೋದು ಹೀಗೆ.

ಇನ್ನು ನನ್ನ ಅಕ್ಕನ ದೊಡ್ಡ ಮಗಳ ವಿಷಯ ಹೇಳಬೇಕು. ಈ ಎಲ್ಲದರಲ್ಲಿ ನನಗೆ ಮುಖ್ಯ ಅದೇ.

ಅವಳಿಗೆ ಹನ್ನೆರಡು ತುಂಬಿದ ಮೇಲೆ ಮದರಸ ನಿಂತಿತು. ಯಾರೂ ಬೇಡ ಅಂತ ಬೋರ್ಡ್ ಹಾಕಿಲ್ಲ. ಹುಡುಗಿ ದೊಡ್ಡವಳಾದಳು, ಅಲ್ಲಿ ಹುಡುಗರು, ಪಾಠ ಹೇಳೋರು ಗಂಡಸರು. ತಾನಾಗೇ ನಿಂತಿತು, ಎಷ್ಟೋ ಮನೆಗಳಲ್ಲಿ ನಿಲ್ಲೋ ಹಾಗೆ. ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಹನ್ನೊಂದನೇದರಲ್ಲಿದ್ದಳು. "ಬಿಡು, ಯೂಟ್ಯೂಬಲ್ಲಿ ಎಲ್ಲ ಇದೆ, ನೋಡ್ಕೊಂಡು ಕಲಿತಾಳೆ" ಅಂತ ಅಕ್ಕ ಅಂದಳು. ನೋಡಿದಳು ಕೂಡ. ಆರು ತಿಂಗಳಾದ ಮೇಲೆ ಎಲ್ಲಿಗೆ ಬಂದೆ ಅಂತ ಕೇಳಿದೆ. ಹನ್ನೊಂದರಲ್ಲೇ ಇದ್ದಳು.

"ಮಾಮು, ಅದು ತಾನೇ ಓದ್ಕೊಂಡು ಹೋಗತ್ತೆ. ನಾನು ತಪ್ಪು ಓದಿದ್ರೂ ಮುಂದಕ್ಕೆ ಹೋಗತ್ತೆ" ಅಂದಳು.

ವಿಡಿಯೋ ಪಾಠದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ ಇದು. ತಪ್ಪಿದಾಗ ನಿಲ್ಲಿಸಲ್ಲ, ಸರಿಯಾದಾಗ 'ಸರಿ, ಮುಂದಿನ ಪುಟಕ್ಕೆ ಹೋಗು' ಅನ್ನಲ್ಲ. ತರ್ತೀಲ್ ಅಂತ ಒಂದು ಆ್ಯಪ್ ಇದೆ. ನಾವು ಓದೋದನ್ನ ಅದು ಮೈಕಿನಲ್ಲಿ ಕೇಳಿ ಎಲ್ಲಿ ಪದ ಬಿಟ್ವಿ ಅಂತ ತೋರಿಸತ್ತೆ. ಬಾಯಿಪಾಠ ಮಾಡೋರಿಗೆ ಒಳ್ಳೇ ಸಾಧನ. ಇವಳಿಗೂ ಹಾಕಿಕೊಟ್ಟೆ, ನಾಲ್ಕು ದಿನ ಆಡಿದಳು, ಬಿಟ್ಟಳು.

ಕುಣಿಗಲ್ಲಿನಲ್ಲಿ ನಮ್ಮ ಒಬ್ಬರು ಖಾಲಾ ಇದಾರೆ, ಚಿಕ್ಕಮ್ಮ. ಅರವತ್ತು ದಾಟಿದೆ. ಒಂದು ಕಾಲಕ್ಕೆ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಓದಿಸ್ತಿದ್ದವರು. ವಾಟ್ಸಾಪಿನಲ್ಲಿ ಟೈಪ್ ಮಾಡೋಕೆ ಬರಲ್ಲ, ಮೈಕ್ ಗುಂಡಿ ಒತ್ತಿ ಮಾತಾಡೋದು ಗೊತ್ತು. ಅಷ್ಟೇ ಸಾಕಾಯ್ತು. ರಾತ್ರಿ ಇಶಾ ನಮಾಜಾದ ಮೇಲೆ ಇವಳು ಅರ್ಧ ಪುಟ ಓದಿ ಕಳಿಸೋದು, ಖಾಲಾ ಕೇಳಿ ವಾಪಸ್ ಹೇಳೋದು. ಮನೆ ತುಂಬ ಜನ, ಟೀವಿ. ಹಾಗಾಗಿ ಇವಳು ಹಿತ್ತಲಿಗೆ ಹೋಗಿ ಓದ್ತಾಳೆ. ರೆಕಾರ್ಡಿಂಗಿನಲ್ಲಿ ಕೋಳಿ ಇರತ್ತೆ, ಮೋಟರ್ ಸದ್ದು ಇರತ್ತೆ, ಕೊನೇ ಬಸ್ಸಿನ ಹಾರನ್ ಇರತ್ತೆ. "ಬಸ್ಸು ಚೆನ್ನಾಗಿ ಓದ್ತು, ಈಗ ನೀನು ಇನ್ನೊಂದ್ಸಲ ಓದು" ಅಂತ ಖಾಲಾ ಉತ್ತರ. ಒಂದು ಗಂಟಲಿನ ಕ ಸರಿ ಬರೋ ತನಕ ಒಂಬತ್ತು ಸಲ ಓದಿಸಿದ ರಾತ್ರಿಯೂ ಇದೆ. ಸರಿ ಬಂದ ದಿನ ಬರೀ ಎರಡು ಪದ: "ಶಾಬಾಶ್. ಮುಂದೆ."

ಈಗ ಅವಳು ಒಂಬತ್ತನೇ ಕ್ಲಾಸು. ಕುರ್‌ಆನ್ ಇಪ್ಪತ್ತಾರನೇ ಭಾಗದಲ್ಲಿದೆ.

ಮೂರು ತಿಂಗಳ ಹಿಂದೆ ಒಂದು ರಾತ್ರಿ ಖಾಲಾ ತಪ್ಪು ಹೇಳೋದು ಬಿಟ್ಟು, "ಯಾಕೇ ದನಿ ಸಣ್ಣಗಿದೆ?" ಅಂತ ಕೇಳಿದ್ರಂತೆ. ಹುಡುಗಿ ಏನಿಲ್ಲ ಅಂದಳು. ಮಾರನೇ ರಾತ್ರಿಯೂ ಹಾಗೇ. ಮೂರನೇ ರಾತ್ರಿ ಹೇಳಿದಳು: ಮನೆಯಲ್ಲಿ 'ಎಸ್ಸೆಸ್ಸೆಲ್ಸಿ ಮುಗಿದ್ರೆ ಸಾಕು' ಅನ್ನೋ ಮಾತು ನಡೀತಿದೆ. ಯಾವ ವಿಡಿಯೋ, ಯಾವ ಆ್ಯಪ್ ಆದ್ರೂ ಆ ಮೂರು ರಾತ್ರಿಯೂ ಉಚ್ಚಾರಣೆ ಸರಿಯಿದೆ ಅಂತ ಹಸಿರು ಗೆರೆ ತೋರಿಸ್ತಿತ್ತು. ಖಾಲಾ ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಕೊತ್ತಗೆರೆಗೆ ಬಂದ್ರು. ಅಕ್ಕ, ಭಾವನ ಜೊತೆ ಬಾಗಿಲು ಹಾಕ್ಕೊಂಡು ಮಾತಾಡಿದ್ರು. ಏನು ಮಾತಾಡಿದ್ರು ಅಂತ ನನಗೆ ಗೊತ್ತಿಲ್ಲ. ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಆದರೆ ಕುಣಿಗಲ್ಲಿನ ಪಿಯು ಕಾಲೇಜು, ಬಸ್ ಪಾಸು ಅನ್ನೋ ಪದಗಳು ಈಗ ಆ ಮನೆಯಲ್ಲಿ ಕೇಳಿಸ್ತಿವೆ.

ನಿಮ್ಮೂರಲ್ಲೂ ಯಾರಾದ್ರೂ ಮದರಸಕ್ಕೋ ಭಾನುವಾರದ ಪಾಠಕ್ಕೋ ಸಂಜೆ ಟ್ಯೂಷನ್ನಿಗೋ ಪ್ರೊಜೆಕ್ಟರ್ ಕೊಡಿಸೋಣ ಅಂತ ನಿಮಗೆ ಫೋನ್ ಮಾಡಬಹುದು. ನಮ್ಮ ಥರ ಕೆಲಸದಲ್ಲಿರೋರಿಗೆ ಇಂಥ ಫೋನ್ ಬಂದೇ ಬರತ್ತೆ. ಕೊಡಿಸಿ, ತಪ್ಪಿಲ್ಲ. ಅದಕ್ಕೆ ಮುಂಚೆ ಒಂದು ಲೆಕ್ಕ ಹಾಕಿ: ಅಲ್ಲಿರೋ ಮಕ್ಕಳ ದನಿಯನ್ನ ಯಾರು ಕೇಳಿಸ್ಕೊಳ್ತಿದಾರೆ, ದಿನಕ್ಕೆ ಎಷ್ಟು ನಿಮಿಷ? ನೀವು ಕೊಡಿಸೋ ವಸ್ತುವಿನಿಂದ ಆ ನಿಮಿಷ ಜಾಸ್ತಿ ಆಗತ್ತಾ, ಕಮ್ಮಿ ಆಗತ್ತಾ? ಮದರಸ ಬಿಟ್ಟ ಹೆಣ್ಣುಮಕ್ಕಳು ಎಷ್ಟು ಜನ, ಅವರನ್ನ ಕೇಳಿಸ್ಕೊಳ್ಳೋಕೆ ಸುತ್ತಮುತ್ತ ಇಂಥ ಖಾಲಾ ಎಷ್ಟು ಜನ ಸುಮ್ಮನೆ ಕೂತಿದಾರೆ?

ನಮ್ಮ ಕಮಿಟಿ ಪ್ರೊಜೆಕ್ಟರನ್ನ ಸದ್ಯಕ್ಕೆ ಮುಂದಕ್ಕೆ ಹಾಕಿದೆ. ಸ್ಪೀಕರ್ ಕೊಂಡು ಉಳಿದ ದುಡ್ಡು ದಾನಿಗಳ ಹೆಸರಲ್ಲೇ ಇದೆ. ಅಷ್ಟರಲ್ಲಿ ಖಾಲಾಗೆ ಸಬಕ್ ಕಳಿಸೋ ಹುಡುಗಿಯರು ಐದು ಜನ ಆಗಿದಾರೆ, ಅವರ ಹಳೇ ಫೋನಿನಲ್ಲಿ ಜಾಗ ತುಂಬಿದೆ, ರಾತ್ರಿ ಹೊತ್ತು ಹ್ಯಾಂಗ್ ಆಗತ್ತೆ. ಹೋದ ಮೀಟಿಂಗಿನಲ್ಲಿ ನಾನು ಆ ದುಡ್ಡಲ್ಲಿ ಅವರಿಗೆ ಒಂದು ಹೊಸ ಫೋನ್ ಕೊಡಿಸೋಣ ಅಂದೆ. ಗಿಟಾರ್ ಬಂದ್ರೆ ಎದ್ದು ಹೋಗ್ತೀನಿ ಅಂದಿದ್ದ ಚಾಚಾ ಲೆಕ್ಕದ ಪುಸ್ತಕ ತೆಗೆದು, "ಕೊಡೋಣ, ಆದ್ರೆ ಮಸೀದಿ ಲೆಕ್ಕದಲ್ಲಿ ಒಬ್ಬ ಹೆಂಗಸಿಗೆ ಮೊಬೈಲ್ ಅಂತ ಹೆಂಗೆ ಬರೆಯೋದು?" ಅಂತ ತಲೆ ಕೆರೆದುಕೊಂಡ್ರು.

ಹಜರತ್ ತಮ್ಮ ಹೊಸ ಕನ್ನಡದಲ್ಲಿ ಹೇಳಿದ್ರು, "ಮೇಷ್ಟ್ರು ಖರ್ಚು ಅಂತ ಬರೀರಿ."